ಬೆನ್ನಿನ ಆಪರೇಷನ್ ನಂತರವೂ ಉಳಿಯುವ ನೋವು: ಕರುಳಿನ ಸೂಕ್ಷ್ಮಜೀವಿಗಳ ಪಾತ್ರವೆಷ್ಟು?

ಬೆಳೆಗಾರರ ಮನೆಗಳಲ್ಲಿ ಬೆನ್ನುನೋವು ಹೊಸ ಮಾತಲ್ಲ. ಗೊಬ್ಬರದ ಬುಟ್ಟಿ ಹೊತ್ತು ಇಳಿಜಾರು ಇಳಿಯುವವರು, ಕಾಫಿ ಚೀಲ ಎತ್ತಿ ಲಾರಿಗೆ ಹಾಕುವವರು, ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವವರು, ದಿನವಿಡೀ ಕುಳಿತು ಅಡಿಕೆ ಸುಲಿಯುವವರು, ಯಾರನ್ನು ಮಾತಾಡಿಸಿದರೂ ಸೊಂಟದ ಮೇಲೆ ಒಂದು ಕೈ ಇರುತ್ತದೆ. ಹೆಚ್ಚಿನವರಿಗೆ ಇದು ವಿಶ್ರಾಂತಿ, ವ್ಯಾಯಾಮ, ಒಂದಿಷ್ಟು ಔಷಧಿಯಿಂದ ಹತೋಟಿಗೆ ಬರುತ್ತದೆ. ಕೆಲವರಿಗೆ ಮಾತ್ರ ಆಪರೇಷನ್ನಿನವರೆಗೆ ಹೋಗುತ್ತದೆ. ಆ ಕೆಲವರಲ್ಲೂ ಕೆಲವರಿಗೆ ಆಪರೇಷನ್ ಆಗಿ ಗಾಯ ಒಣಗಿದ ಮೇಲೂ ನೋವು ಉಳಿದುಬಿಡುತ್ತದೆ. ಈ ಲೇಖನ ಅಂಥವರಿಗಾಗಿ.

ನಮ್ಮ ನೆರೆಯ ಬೆಳೆಗಾರರೊಬ್ಬರು, ಮೂರು ಎಕರೆ ತೋಟದವರು, ಎರಡು ವರ್ಷದ ಹಿಂದೆ ಸೊಂಟದ ಡಿಸ್ಕಿಗೆ ಆಪರೇಷನ್ ಮಾಡಿಸಿಕೊಂಡರು. ಕಾಲಿಗೆ ಇಳಿಯುತ್ತಿದ್ದ ಸೆಳೆತ ನಿಂತಿತು. ಆದರೆ ಸೊಂಟದ ನೋವು ಹೋಗಲಿಲ್ಲ. ಒಂದು ಕಡೆ ಎರಡನೆಯ ಆಪರೇಷನ್ ಆಗಬೇಕು ಎಂದರಂತೆ. ಇನ್ನೊಂದು ಕಡೆ, ನೋವಿಗೆ ಮೂಲ ಕರುಳಿನ ಸೂಕ್ಷ್ಮಜೀವಿಗಳು, ಈ ಪುಡಿಯನ್ನು ಆರು ತಿಂಗಳು ತೆಗೆದುಕೊಳ್ಳಿ ಎಂದರಂತೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಅವರು ಆ ಪುಡಿಯ ಡಬ್ಬಿಯನ್ನು ನಮ್ಮ ಜಗಲಿಯ ಮೇಲಿಟ್ಟು ಕೇಳಿದರು: "ಇದರಲ್ಲಿ ಏನಾದರೂ ಹುರುಳು ಉಂಟಾ ಮಾರಾಯ್ರೆ? ಅಥವಾ ಈ ವರ್ಷದ ಕಾಳುಮೆಣಸಿನ ದುಡ್ಡು ಇದಕ್ಕೂ ಹೋದ ಹಾಗೆಯೇ?"

ಪ್ರಶ್ನೆ ನ್ಯಾಯವಾದದ್ದು. ಉತ್ತರ "ಹೌದು" ಎಂದೂ ಅಲ್ಲ, "ಇಲ್ಲ" ಎಂದೂ ಅಲ್ಲ. ಕರುಳಿನ ಸೂಕ್ಷ್ಮಜೀವಿಗಳಿಗೂ ನೋವಿಗೂ ಸಂಬಂಧವಿದೆ ಎಂಬುದಕ್ಕೆ ವಿಜ್ಞಾನದಲ್ಲಿ ಒಳ್ಳೆಯ ಆಧಾರಗಳಿವೆ. ಆದರೆ ಆ ಸಂಬಂಧವನ್ನು ಹಿಡಿದು ಬೆನ್ನುನೋವು ವಾಸಿ ಮಾಡುವ ಔಷಧಿ ಇನ್ನೂ ಸಿದ್ಧವಾಗಿಲ್ಲ. ಈ ಎರಡು ಮಾತುಗಳ ನಡುವೆ ರೋಗಿಗೆ ಉಪಯೋಗವಾಗುವ ಸಂಗತಿಗಳು ಸಾಕಷ್ಟಿವೆ. ಅವನ್ನು ಒಂದೊಂದಾಗಿ ನೋಡೋಣ.

ನೋವು ಏಕೆ ಉಳಿಯುತ್ತದೆ?

ಡಿಸ್ಕ್ ಜಾರಿ ನರವನ್ನು ಒತ್ತುವುದರಿಂದ ಕಾಲಿಗೆ ಸೆಳೆತ ಬರುತ್ತದೆ, ಆ ತುಂಡನ್ನು ತೆಗೆದರೆ ಸೆಳೆತ ಹೋಗುತ್ತದೆ ಎಂಬುದನ್ನು ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಪ್ರಕಟಿಸಿದರು. ಇಂದಿನ ಡಿಸ್ಕ್ ಆಪರೇಷನ್ನಿಗೆ ಅದೇ ತಳಹದಿ. ಇಲ್ಲಿ ಒಂದು ಮಾತನ್ನು ರೋಗಿಗಳು ಮೊದಲೇ ತಿಳಿದಿರಬೇಕು. ಈ ಆಪರೇಷನ್ನಿನಿಂದ ಕಾಲಿನ ನೋವು ಕಡಿಮೆಯಾಗುವಷ್ಟು ಖಚಿತವಾಗಿ ಸೊಂಟದ ನೋವು ಕಡಿಮೆಯಾಗುವುದಿಲ್ಲ.

ಬೆನ್ನಿನ ಆಪರೇಷನ್ ಆದವರಲ್ಲಿ ನೂರಕ್ಕೆ 10ರಿಂದ 40 ಮಂದಿಗೆ ಒಂದಲ್ಲ ಒಂದು ಮಟ್ಟದ ನೋವು ಉಳಿಯುತ್ತದೆ ಎಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಆಪರೇಷನ್ ಯಾವುದು, ಎಣಿಸಿದ ರೀತಿ ಯಾವುದು ಎಂಬುದರ ಮೇಲೆ ಅಂಕಿ ಹೀಗೆ ಏರಿಳಿಯುತ್ತದೆ. ಆಪರೇಷನ್ ಆಗಿ ಮೂರು ತಿಂಗಳು ಕಳೆದರೂ ಹೋಗದ ನೋವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದೇ ಸೇರಿಸಿದೆ. ಆದ್ದರಿಂದ "ಆಪರೇಷನ್ ಆಯಿತಲ್ಲ, ಇನ್ನೇನು ನೋವು? ಎಲ್ಲಾ ಮನಸ್ಸಿನದು" ಎಂದು ಮನೆಯವರು ಹೇಳುವುದು ಸರಿಯಲ್ಲ.

ಇಂಥ ನೋವಿಗೆ ಕಾರಣಗಳು ಹಲವು. ಡಿಸ್ಕಿನ ಚೂರು ಉಳಿದಿರಬಹುದು, ಅಥವಾ ಮತ್ತೆ ಜಾರಿರಬಹುದು. ಗಾಯ ಮಾಯುವಾಗ ಬೆಳೆದ ಅಂಟು ನರವನ್ನು ಹಿಡಿದಿರಬಹುದು. ಸೋಂಕು ತಗುಲಿರಬಹುದು. ಬಹುಕಾಲ ಒತ್ತಡದಲ್ಲಿದ್ದ ನರ ಚೇತರಿಸಿಕೊಳ್ಳದಿರಬಹುದು. ನೋವಿನ ಮೂಲ ಆ ಡಿಸ್ಕೇ ಅಲ್ಲದಿರಬಹುದು. ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಪರೀಕ್ಷಿಸುವುದು ಮೊದಲ ಕೆಲಸ.

ಇವು ಯಾವುವೂ ಕಾಣದಿದ್ದರೂ ನೋವು ಇರುವುದುಂಟು. ಇದಕ್ಕೆ ವಿವರಣೆಯ ದಾರಿ ತೋರಿಸಿದವರು ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ. ಪೆಟ್ಟಾದ ಜಾಗದಿಂದ ನೋವಿನ ಸುದ್ದಿ ಬಲವಾಗಿ ಬರುತ್ತಿದ್ದರೆ ಬೆನ್ನುಹುರಿಯೊಳಗಿನ ನರಗಳೇ ಹೆಚ್ಚು ಚುರುಕಾಗಿಬಿಡುತ್ತವೆ ಎಂದು ಅವರು 1983ರಲ್ಲಿ ತೋರಿಸಿದರು. ಹಾಗಾದ ಮೇಲೆ ಸಣ್ಣ ಸುದ್ದಿಯೂ ದೊಡ್ಡದಾಗಿ ಕೇಳಿಸುತ್ತದೆ. ರೇಡಿಯೋದ ಧ್ವನಿ ಏರಿಸುವ ಗುಂಡಿ ಮೇಲಕ್ಕೆ ತಿರುಗಿ ಅಲ್ಲಿಯೇ ಸಿಕ್ಕಿಕೊಂಡ ಹಾಗೆ. ಆ ಗುಂಡಿಯನ್ನು ತಿರುಗಿಸುವ ಕೈಗಳಲ್ಲಿ ಕರುಳಿನ ಸೂಕ್ಷ್ಮಜೀವಿಗಳದ್ದೂ ಒಂದು ಇರಬಹುದೇ ಎಂಬುದು ಈಚಿನ ಪ್ರಶ್ನೆ.

ಕರುಳಿನೊಳಗಿನ ತೋಟ

ಸೂಕ್ಷ್ಮಜೀವಿಗಳ ಕೆಲಸ ಬೆಳೆಗಾರರಿಗೆ ಹೊಸದಲ್ಲ. ಪಲ್ಪರಿನಿಂದ ಬಂದ ಕಾಫಿ ಬೀಜವನ್ನು ತೊಟ್ಟಿಯಲ್ಲಿ ಬಿಟ್ಟರೆ ಅದರ ಮೇಲಿನ ಲೋಳೆಯನ್ನು ಕರಗಿಸುವುದು ಕಣ್ಣಿಗೆ ಕಾಣದ ಈ ಜೀವಿಗಳೇ. ಹದವಾಗಿ ಹುಳಿತರೆ ಬೀಜ ತೊಳೆದಾಗ ಸ್ವಚ್ಛವಾಗುತ್ತದೆ. ಹುಳಿತ ಮಿತಿಮೀರಿದರೆ ಬಟ್ಟಲಿನ ರುಚಿಯೇ ಕೆಡುತ್ತದೆ. ಒಂದೇ ತೊಟ್ಟಿ, ಒಂದೇ ಬೀಜ. ಯಾವ ಜೀವಿ ಎಷ್ಟು ಹೊತ್ತು ಕೆಲಸ ಮಾಡಿತು ಎಂಬುದರ ಮೇಲೆ ಫಲ.

ನಮ್ಮ ದೊಡ್ಡ ಕರುಳೂ ಅಂಥದೇ ಒಂದು ತೊಟ್ಟಿ. ಒಬ್ಬ ವ್ಯಕ್ತಿಯ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು ಇರುತ್ತವೆ, ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲೇ ಇರುತ್ತವೆ ಎಂದು 2016ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ಎಲ್ಲಾ ಸೇರಿದರೆ ತೂಕ ಸುಮಾರು 200 ಗ್ರಾಂ. ನಾವು ಅರಗಿಸಲಾರದ ನಾರನ್ನು ಇವು ಹುಳಿಸಿ ಕೆಲವು ಆಮ್ಲಗಳನ್ನು ಉತ್ಪಾದಿಸುತ್ತವೆ. ಅವುಗಳಲ್ಲಿ ಬ್ಯುಟಿರೇಟ್ ಎಂಬುದು ಮುಖ್ಯವಾದದ್ದು. ಕರುಳಿನ ಒಳಗೋಡೆಯ ಕೋಶಗಳಿಗೆ ಅದೇ ಆಹಾರ. ಗೋಡೆ ಗಟ್ಟಿಯಾಗಿದ್ದರೆ ಒಳಗಿನ ಕೊಳೆ ರಕ್ತಕ್ಕೆ ಸೇರುವುದಿಲ್ಲ.

ಇದು ಇಂದು ನಿನ್ನೆಯ ಯೋಚನೆಯಲ್ಲ. ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಮೆಚ್ನಿಕಾಫ್ ಎಂಬ ವಿಜ್ಞಾನಿ ಹುಳಿಮೊಸರಿನ ಸೂಕ್ಷ್ಮಜೀವಿಗಳು ಆಯುಸ್ಸು ಹೆಚ್ಚಿಸಬಹುದೆಂದು ಕಳೆದ ಶತಮಾನದ ಆರಂಭದಲ್ಲೇ ವಾದಿಸಿದ್ದರು. ರೋಗನಿರೋಧಕ ಶಕ್ತಿಯ ಮೇಲಿನ ಸಂಶೋಧನೆಗಾಗಿ ಅವರಿಗೆ 1908ರಲ್ಲಿ ನೊಬೆಲ್ ಬಹುಮಾನ ಬಂತು.

ಕರುಳಿನಿಂದ ಬೆನ್ನಿಗೆ ದಾರಿ ಯಾವುದು?

ಹೊಟ್ಟೆಯಲ್ಲಿರುವ ಜೀವಿ ಸೊಂಟದ ನೋವನ್ನು ಹೆಚ್ಚು ಕಡಿಮೆ ಮಾಡುವುದು ಹೇಗೆ? ವಿಜ್ಞಾನಿಗಳು ಮುಖ್ಯವಾಗಿ ಮೂರು ದಾರಿಗಳನ್ನು ಗುರುತಿಸಿದ್ದಾರೆ.

ಮೊದಲನೆಯದು ರಕ್ತದ ದಾರಿ. ಸೂಕ್ಷ್ಮಜೀವಿಗಳು ತಯಾರಿಸುವ ಆಮ್ಲಗಳು ಮತ್ತು ಇತರ ವಸ್ತುಗಳು ರಕ್ತದಲ್ಲಿ ಸೇರಿ ದೂರದ ಅಂಗಗಳಿಗೂ ಹೋಗುತ್ತವೆ.

ಎರಡನೆಯದು ರೋಗನಿರೋಧಕ ವ್ಯವಸ್ಥೆಯ ದಾರಿ. ಕರುಳಿನ ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾಗಳ ಚೂರುಗಳು ರಕ್ತಕ್ಕೆ ನುಸುಳುತ್ತವೆ. ಆಗ ದೇಹವಿಡೀ ಸಣ್ಣ ಪ್ರಮಾಣದ ಉರಿಯೂತ ಏಳುತ್ತದೆ. ಉರಿಯೂತವಿದ್ದಲ್ಲಿ ನೋವಿನ ನರಗಳು ಬೇಗ ಕೆರಳುತ್ತವೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ನೋವಿನ ಧ್ವನಿ ಏರಿಸುವುದರಲ್ಲಿ ಬೆನ್ನುಹುರಿಯ ಈ ಕೋಶಗಳ ಪಾತ್ರ ದೊಡ್ಡದು. ಸೂಕ್ಷ್ಮಜೀವಿಗಳೇ ಇಲ್ಲದೆ ಬೆಳೆಸಿದ ಇಲಿಗಳ ಮಿದುಳಿನಲ್ಲಿ ಈ ಕಾವಲು ಕೋಶಗಳು ಸರಿಯಾಗಿ ಬಲಿಯುವುದಿಲ್ಲ, ಸೂಕ್ಷ್ಮಜೀವಿಗಳು ತಯಾರಿಸುವ ಆಮ್ಲಗಳನ್ನು ಕೊಟ್ಟರೆ ಸುಧಾರಿಸುತ್ತವೆ ಎಂದು ಜರ್ಮನಿಯ ಫ್ರೈಬುರ್ಗ್ ನಗರದ ಸಂಶೋಧಕರು 2015ರಲ್ಲಿ ತೋರಿಸಿದರು.

ಮೂರನೆಯದು ನರದ ದಾರಿ. ಕರುಳಿನಿಂದ ಮಿದುಳಿಗೆ ವೇಗಸ್ ಎಂಬ ಉದ್ದನೆಯ ನರ ಹೋಗುತ್ತದೆ. ಕರುಳಿನ ಸುದ್ದಿ ಅದರ ಮೂಲಕ ಮೇಲಕ್ಕೆ ತಲುಪುತ್ತಲೇ ಇರುತ್ತದೆ. ಹೊಟ್ಟೆ ಕೆಟ್ಟ ದಿನ ತಲೆಯೂ ಕೆಡುವುದು ನಮಗೆಲ್ಲ ಗೊತ್ತು.

ಇಲಿಗಳು ಹೇಳಿದ್ದು

2008ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಸೂಕ್ಷ್ಮಜೀವಿಗಳು ಸೋಕದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ಬೆಳೆದ ಇಲಿಗಳಿಗೆ ಉರಿಯೂತ ತರಿಸಿದಾಗ ಅವು ಸಾಮಾನ್ಯ ಇಲಿಗಳಿಗಿಂತ ಕಡಿಮೆ ನೋವು ತೋರಿದವು. ಅದೇ ಇಲಿಗಳ ಕರುಳಿಗೆ ಸಾಮಾನ್ಯ ಇಲಿಗಳ ಸೂಕ್ಷ್ಮಜೀವಿಗಳನ್ನು ಸೇರಿಸಿದ ಮೇಲೆ ನೋವೂ ಬಂತು. 2017ರಲ್ಲಿ ಬೋಸ್ಟನ್ನಿನ ಸಂಶೋಧಕರು ಕ್ಯಾನ್ಸರ್ ಔಷಧಿಯಿಂದ ಬರುವ ನರನೋವಿನಲ್ಲೂ ಇಂಥದನ್ನೇ ಕಂಡರು.

ಇದರ ಎದುರಿಗೆ ಇನ್ನೊಂದು ಸಂಗತಿ ಇದೆ. ಮೊಸರಿನ ಜಾತಿಗೆ ಸೇರಿದ ಲ್ಯಾಕ್ಟೋಬ್ಯಾಸಿಲಸ್ ಅಸಿಡೋಫಿಲಸ್ ಎಂಬ ಬ್ಯಾಕ್ಟೀರಿಯಾ ಕರುಳಿನ ಕೋಶಗಳಲ್ಲಿ ನೋವು ತಗ್ಗಿಸುವ ಗ್ರಾಹಕಗಳನ್ನು ಹೆಚ್ಚಿಸಿ ಹೊಟ್ಟೆನೋವು ಕಡಿಮೆ ಮಾಡುತ್ತದೆ ಎಂದು 2007ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿ ಹೆಗ್ಗಣಗಳಲ್ಲಿ ತೋರಿಸಿದ್ದರು. ಅಂದರೆ ಕೆಲವು ಸೂಕ್ಷ್ಮಜೀವಿಗಳು ನೋವು ಏರಿಸುತ್ತವೆ, ಕೆಲವು ಇಳಿಸುತ್ತವೆ. ಮಣ್ಣಿನಲ್ಲಿ ಕೊಳೆರೋಗದ ಶಿಲೀಂಧ್ರವೂ ಇರುತ್ತದೆ, ಅದನ್ನು ಹತೋಟಿಯಲ್ಲಿಡುವ ಟ್ರೈಕೋಡರ್ಮವೂ ಇರುತ್ತದೆ. ಕರುಳಿನ ಲೆಕ್ಕವೂ ಹಾಗೆಯೇ.

ನೋವಿನ ಔಷಧಿಯ ಕಥೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಮಾರ್ಫಿನ್ ಜಾತಿಯ ಔಷಧಿಯನ್ನು ಬಹಳ ದಿನ ಕೊಟ್ಟರೆ ಅದೇ ಪ್ರಮಾಣ ಸಾಲದೆ ಬರುತ್ತದೆ, ಮತ್ತೆ ಮತ್ತೆ ಹೆಚ್ಚಿಸಬೇಕಾಗುತ್ತದೆ. ಸೂಕ್ಷ್ಮಜೀವಿಗಳಿಲ್ಲದ ಇಲಿಗಳಲ್ಲಿ ಈ ತೊಂದರೆ ಕಡಿಮೆ, ಸಾಮಾನ್ಯ ಇಲಿಗಳಿಗೂ ಕೆಲವು ಹಿತಕರ ಬ್ಯಾಕ್ಟೀರಿಯಾಗಳನ್ನು ಕೊಟ್ಟಾಗ ಕಡಿಮೆಯಾಯಿತು ಎಂದು 2019ರಲ್ಲಿ ಅಮೆರಿಕದಿಂದ ವರದಿಯಾಯಿತು.

ಮನುಷ್ಯರಲ್ಲಿ ಏನು ಕಂಡಿದೆ?

ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಯೆಲ್ಲಾ ನೋಯುವ ಫೈಬ್ರೋಮಯಾಲ್ಜಿಯಾ ಎಂಬ ಕಾಯಿಲೆಯ 77 ಮಹಿಳೆಯರನ್ನು ಪರೀಕ್ಷಿಸಿದಾಗ ಅವರ ಕರುಳಿನ ಸೂಕ್ಷ್ಮಜೀವಿಗಳ ಬಳಗ ಆರೋಗ್ಯವಂತರದ್ದಕ್ಕಿಂತ ಬೇರೆಯಾಗಿತ್ತು ಎಂದು 2019ರಲ್ಲಿ ಪ್ರಕಟವಾಯಿತು. ಅಂಥ ರೋಗಿಗಳ ಸೂಕ್ಷ್ಮಜೀವಿಗಳನ್ನು ಇಲಿಗಳಿಗೆ ಸೇರಿಸಿದರೆ ಇಲಿಗಳಿಗೂ ನೋವು ಹೆಚ್ಚಿತು ಎಂದು 2025ರಲ್ಲಿ ವರದಿಯಾಯಿತು. ಆದರೆ ಇದು ಬೆನ್ನಿನ ಆಪರೇಷನ್ ಆದವರ ನೋವಲ್ಲ, ಬೇರೆ ಕಾಯಿಲೆ.

ರೋಗಿಗಳಲ್ಲಿ ಸೂಕ್ಷ್ಮಜೀವಿಗಳು ಬೇರೆಯಾಗಿವೆ ಎಂದಾಕ್ಷಣ ಅವೇ ಕಾರಣ ಎನ್ನುವುದಕ್ಕೆ ಬರುವುದಿಲ್ಲ. ನೋವಿರುವವರು ನಡೆದಾಡುವುದು ಕಡಿಮೆ, ಊಟ ಬೇರೆ, ನಿದ್ದೆ ಕಡಿಮೆ, ಮಾತ್ರೆಗಳು ಹೆಚ್ಚು. ಇವೆಲ್ಲ ಕರುಳನ್ನು ಬದಲಿಸುತ್ತವೆ. ಅಡಿಕೆಯ ಹಳದಿ ಎಲೆ ರೋಗವನ್ನು ನೆನೆಯಿರಿ. ಮಣ್ಣಿನ ಪೋಷಕಾಂಶದ ಕೊರತೆಯೇ ಮೂಲವೆಂದು ನಂಬಿ ಗೊಬ್ಬರ ಸುರಿದವರು ಎಷ್ಟೋ ಮಂದಿ. ಆಮೇಲೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಸಂಬಂಧ ಕಂಡುಬಂತು. ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ ಎಂಬುದನ್ನು ನಾವು ತೋಟದಲ್ಲೇ ಕಲಿತಿದ್ದೇವೆ.

ಬೆನ್ನುನೋವಿಗೆ ಆಂಟಿಬಯೋಟಿಕ್: ಒಂದು ಪಾಠ

ಬ್ಯಾಕ್ಟೀರಿಯಾ ಮತ್ತು ಬೆನ್ನುನೋವಿನ ಬಗ್ಗೆ ಎಚ್ಚರಿಕೆ ಕೊಡುವ ಘಟನೆಯೊಂದು ಯುರೋಪಿನಲ್ಲಿ ನಡೆದಿದೆ. ಇದು ಕರುಳಿನದಲ್ಲ, ಚರ್ಮದಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾದ ಕಥೆ. ಡಿಸ್ಕ್ ಜಾರಿದ ಮೇಲೆ ಪಕ್ಕದ ಮೂಳೆಯಲ್ಲಿ ಊತ ಕಾಣುವ ಕೆಲವು ರೋಗಿಗಳ ದೀರ್ಘಕಾಲದ ನೋವಿಗೆ ಈ ಬ್ಯಾಕ್ಟೀರಿಯಾದ ಸೋಂಕು ಕಾರಣವಿರಬಹುದೆಂದು ಡೆನ್ಮಾರ್ಕಿನ ಸಂಶೋಧಕರು ಊಹಿಸಿದರು. 162 ರೋಗಿಗಳನ್ನು ಆಯ್ದು, ಕೆಲವರಿಗೆ 100 ದಿನ ಆಂಟಿಬಯೋಟಿಕ್, ಕೆಲವರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಔಷಧಿ ತೆಗೆದುಕೊಂಡವರಿಗೆ ಬಹಳ ಗುಣವಾಯಿತು ಎಂದು 2013ರಲ್ಲಿ ಪ್ರಕಟಿಸಿದರು. ಸುದ್ದಿ ಲೋಕವೆಲ್ಲಾ ಹಬ್ಬಿತು. ಬೆನ್ನುನೋವಿಗೆ ಆಂಟಿಬಯೋಟಿಕ್ ಬೇಕೆಂದು ರೋಗಿಗಳು ಕೇಳತೊಡಗಿದರು.

ಒಂದು ಪ್ರಯೋಗವನ್ನು ನಂಬಿ ಕೂರದೆ ನಾರ್ವೆ ದೇಶದವರು ಅದನ್ನು ಮತ್ತೆ ಮಾಡಿ ನೋಡಿದರು. 180 ರೋಗಿಗಳು, ಮೂರು ತಿಂಗಳು ಅಮಾಕ್ಸಿಸಿಲಿನ್, ಒಂದು ವರ್ಷದ ನಂತರ ಪರೀಕ್ಷೆ. ಯಾರಿಗೆ ಔಷಧಿ, ಯಾರಿಗೆ ಬರೀ ಮಾತ್ರೆ ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ರೋಗಿಗೆ ಅರಿವಾಗುವಂಥ ಪ್ರಯೋಜನ ಇಲ್ಲ ಎಂದು 2019ರಲ್ಲಿ ಫಲಿತಾಂಶ ಬಂತು. ಅದೇ ವರ್ಷ ಡೆನ್ಮಾರ್ಕಿನಲ್ಲಿ ಇಂಥದೇ 89 ರೋಗಿಗಳಲ್ಲಿ ಕೆಲವರಿಗೆ ಹಿತಕರ ಬ್ಯಾಕ್ಟೀರಿಯಾದ ಮಾತ್ರೆಯನ್ನು ನೂರು ದಿನ ಕೊಟ್ಟು ನೋಡಿದ ಪ್ರಯೋಗವೂ ಪ್ರಕಟವಾಯಿತು. ಒಂದು ವರ್ಷದ ನಂತರ ಅವರ ದಿನನಿತ್ಯದ ಕೆಲಸದ ಶಕ್ತಿಯಲ್ಲಿ ಉಳಿದವರಿಗಿಂತ ವ್ಯತ್ಯಾಸ ಕಾಣಲಿಲ್ಲ.

ಹೀಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ದಾರಿಯೂ, ಡಬ್ಬಿಯಿಂದ ತುಂಬುವ ದಾರಿಯೂ ಬೆನ್ನುನೋವಿಗೆ ಈವರೆಗೆ ಕೈಹಿಡಿದಿಲ್ಲ. ಇಲಿಯ ಪ್ರಯೋಗ ಓದಿ "ಹಾಗಾದರೆ ಎಲ್ಲವನ್ನೂ ಸಾಯಿಸಿದರಾಯಿತು" ಎನ್ನುವವರಿಗೆ ಒಂದು ಮಾತು: ಮಣ್ಣನ್ನು ಸುಟ್ಟರೆ ರೋಗಾಣು ಸಾಯುತ್ತದೆ ನಿಜ, ಎರೆಹುಳುವೂ ಸಾಯುತ್ತದೆ.

ಆಪರೇಷನ್ ಸಮಯದಲ್ಲಿ ಕರುಳಿಗೆ ಆಗುವುದೇನು?

ಔಷಧಿ ಸಿದ್ಧವಿಲ್ಲದಿದ್ದರೂ ಈ ತಿಳುವಳಿಕೆ ವ್ಯರ್ಥವಲ್ಲ. ಬೆನ್ನಿನ ಆಪರೇಷನ್ ಎಂದರೆ ಬೆನ್ನಿಗೆ ಮಾತ್ರ ಆಗುವ ಘಟನೆಯಲ್ಲ. ಹಿಂದಿನ ರಾತ್ರಿಯಿಂದ ಉಪವಾಸ. ಸೋಂಕು ತಡೆಯಲು ಆಂಟಿಬಯೋಟಿಕ್. ನೋವಿಗೆ ಟ್ರಮಡಾಲ್ ಅಥವಾ ಮಾರ್ಫಿನ್ ಜಾತಿಯ ಔಷಧಿ. ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ. ಹಾಸಿಗೆಯಲ್ಲೇ ವಾಸ, ಮೆದು ಊಟ, ಚಿಂತೆ, ನಿದ್ದೆಗೇಡು. ಇವುಗಳಲ್ಲಿ ಪ್ರತಿಯೊಂದೂ ಕರುಳಿನ ಬಳಗವನ್ನು ಅಷ್ಟಿಷ್ಟು ಕದಲಿಸುತ್ತದೆ. ಎಲ್ಲಾ ಒಟ್ಟಿಗೆ ಬಂದಾಗ ಮಲಬದ್ಧತೆ ಸಾಮಾನ್ಯ. ಹೊಲಿಗೆ ಹಾಕಿದ ಬೆನ್ನಿನಲ್ಲಿ ಮುಕ್ಕಿರಿಯುವುದು ಎಂಥ ಯಾತನೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಇವುಗಳಲ್ಲಿ ಕೆಲವು ಅನಿವಾರ್ಯ. ಆಪರೇಷನ್ನಿಗೆ ಮುಂಚೆ ಕೊಡುವ ಆಂಟಿಬಯೋಟಿಕ್ ಸೋಂಕು ತಡೆಯುವುದಕ್ಕೆ ಬೇಕೇ ಬೇಕು, ಬೇಡ ಎನ್ನಬಾರದು. ಆದರೆ ಆಪರೇಷನ್ ಮುಗಿದ ಮೇಲೂ ಬರೀ ಮುನ್ನೆಚ್ಚರಿಕೆಗೆಂದು ಅದನ್ನು ದಿನಗಟ್ಟಲೆ ಮುಂದುವರಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಸಲಹೆ ನೀಡಿದೆ. ಸೋಂಕು ಆಗಿದ್ದರೆ ಮಾತು ಬೇರೆ. ಆಗ ವೈದ್ಯರು ಹೇಳಿದಷ್ಟು ದಿನ ಪೂರ್ತಿಯಾಗಿ ತೆಗೆದುಕೊಳ್ಳಬೇಕು.

ರೋಗಿ ತಾನೇ ಮಾಡಬಹುದಾದ್ದು

ಕೆಳಗಿನ ಸಂಗತಿಗಳಿಂದ ನೋವು ಖಂಡಿತ ಮಾಯವಾಗುತ್ತದೆ ಎಂದು ಹೇಳುವಂತಿಲ್ಲ. ಆದರೆ ಇವು ಕರುಳಿಗೂ ಬೆನ್ನಿಗೂ ಒಳ್ಳೆಯವು, ಖರ್ಚೂ ಕಡಿಮೆ.

1. ಊಟದಲ್ಲಿ ನಾರು ಹೆಚ್ಚಲಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇದಕ್ಕೆ ಡಬ್ಬಿಯ ಪುಡಿ ಬೇಕಾಗಿಲ್ಲ. ಹುರುಳಿ, ಹೆಸರುಕಾಳು, ಅಲಸಂದೆ, ರಾಗಿ, ಬಸಳೆ, ಹರಿವೆ, ನುಗ್ಗೆಸೊಪ್ಪು, ಬಾಳೆದಿಂಡಿನ ಪಲ್ಯ, ಎಳೆ ಹಲಸಿನಕಾಯಿ, ಇವೆಲ್ಲ ಹಿತ್ತಿಲಲ್ಲಿ ಅಥವಾ ಸಂತೆಯಲ್ಲಿ ಸಿಗುವಂಥವೇ. ಬಿಳಿ ಅನ್ನಕ್ಕೆ ತಿಳಿಸಾರು ಮಾತ್ರ ಕಲಸಿ ಉಂಡರೆ ಕರುಳಿನ ಜೀವಿಗಳಿಗೆ ಉಪವಾಸವೇ ಸರಿ. ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು, ನೀರು ಸಾಕಷ್ಟು ಕುಡಿಯಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.

2. ಮಜ್ಜಿಗೆ ಬಿಡಬೇಡಿ. ಮನೆಯ ಮೊಸರು, ಮಜ್ಜಿಗೆ ಒಳ್ಳೆಯ ಆಹಾರ. ಒಗ್ಗುವವರು ಆಪರೇಷನ್ ಆಯಿತೆಂದು ನಿಲ್ಲಿಸಬೇಕಾಗಿಲ್ಲ. ಇಡ್ಲಿ ದೋಸೆಯ ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಬೇಯಿಸುವಾಗ ಸಾಯುತ್ತವೆ, ಮಜ್ಜಿಗೆಯಲ್ಲಿ ಜೀವಂತವಾಗಿರುತ್ತವೆ ಎಂಬುದು ನೆನಪಿರಲಿ.

3. ಮಲಬದ್ಧತೆಯನ್ನು ಮುಚ್ಚಿಡಬೇಡಿ. ಟ್ರಮಡಾಲ್‌ನಂಥ ಮಾತ್ರೆ ಬರೆದುಕೊಟ್ಟಾಗಲೇ ಮಲ ಸಡಿಲಿಸುವ ಔಷಧಿಯೂ ಬೇಕೇ ಎಂದು ವೈದ್ಯರನ್ನು ಕೇಳಿ. ನಾಲ್ಕೈದು ದಿನ ಕಾದು ಕಷ್ಟಪಡುವುದಕ್ಕಿಂತ ಅದು ಲೇಸು.

4. ನಡೆಯಿರಿ. ವೈದ್ಯರು ಅನುಮತಿ ಕೊಟ್ಟ ದಿನದಿಂದಲೇ, ಮೊದಲು ಅಂಗಳದಲ್ಲಿ, ಆಮೇಲೆ ಗೇಟಿನವರೆಗೆ, ಆಮೇಲೆ ತೋಟದ ಸಮತಟ್ಟಾದ ದಾರಿಯಲ್ಲಿ. ನಡಿಗೆಯಿಂದ ಕರುಳು ಕದಲುತ್ತದೆ, ಸ್ನಾಯು ಬಲವಾಗುತ್ತದೆ, ನಿದ್ದೆ ಬರುತ್ತದೆ. ಭಾರ ಎತ್ತುವುದು, ಬಗ್ಗಿ ತಿರುಗುವುದು ವೈದ್ಯರು ಹೇಳುವವರೆಗೆ ಬೇಡ.

5. ಮಾತ್ರೆಗಳನ್ನು ನೀವೇ ಕೊಂಡು ತಿನ್ನಬೇಡಿ. ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫಿನಾಕ್ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ನೆಗಡಿಗೆಲ್ಲ ಆಂಟಿಬಯೋಟಿಕ್ ಬೇಡ. ಆಮ್ಲ ತಗ್ಗಿಸುವ ಮಾತ್ರೆಯನ್ನು ನೋವಿನ ಮಾತ್ರೆಯ ಜೊತೆ ಹೊಟ್ಟೆಯ ರಕ್ಷಣೆಗೆಂದು ಕೊಟ್ಟಿರುತ್ತಾರೆ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ದಿನ ಬೇಕು ಎಂದು ಕೇಳಿ ತಿಳಿದುಕೊಳ್ಳಿ.

6. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿ. ಮೂಳೆ ಕೂಡಿಸುವ ಆಪರೇಷನ್ ಆದವರಲ್ಲಿ ಧೂಮಪಾನಿಗಳ ಮೂಳೆ ಕೂಡುವುದು ಕಷ್ಟ ಎಂಬುದು ಚೆನ್ನಾಗಿ ಸಿದ್ಧವಾದ ವಿಷಯ. ಹೊಗೆಸೊಪ್ಪಿನಲ್ಲಿರುವುದೂ ಅದೇ ನಿಕೋಟಿನ್.

7. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಹತೋಟಿ ತಪ್ಪಿದರೆ ಗಾಯ ಮಾಯುವುದು ನಿಧಾನ, ಸೋಂಕಿನ ಭಯ ಹೆಚ್ಚು.

ನಾವು ಬೆಳೆಯುವ ಕಾಫಿಯ ಮಾತು

ಕಾಫಿ ಕುಡಿಯಬಹುದೇ ಎಂದು ಬೆಳೆಗಾರರು ಕೇಳದೇ ಇರುವುದಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ 22,867 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಕಾಫಿ ಕುಡಿಯುವವರ ಕರುಳಿನಲ್ಲಿ ಲಾಸೋನಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕುಡಿಯದವರಿಗಿಂತ ಬಹಳ ಹೆಚ್ಚಾಗಿ ಕಂಡಿತು. ಕೆಫೀನ್ ತೆಗೆದ ಕಾಫಿ ಕುಡಿಯುವವರಲ್ಲೂ ಹಾಗೆಯೇ. ಇದರಿಂದ ನೋವು ಕಡಿಮೆಯಾಗುತ್ತದೆ ಎಂದು ಯಾರೂ ಹೇಳಿಲ್ಲ, ನಾವೂ ಹೇಳಬಾರದು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ದೊಡ್ಡ ಕರುಳಿನ ಆಪರೇಷನ್ ಆದ 80 ರೋಗಿಗಳಲ್ಲಿ ಕೆಲವರಿಗೆ ಕಾಫಿ, ಕೆಲವರಿಗೆ ನೀರು ಕೊಟ್ಟು ನೋಡಿದ್ದರು. ಕಾಫಿ ಕುಡಿದವರಿಗೆ ಸುಮಾರು 60 ಗಂಟೆಗಳಲ್ಲಿ, ನೀರು ಕುಡಿದವರಿಗೆ ಸುಮಾರು 74 ಗಂಟೆಗಳಲ್ಲಿ ಮೊದಲ ಬಾರಿ ಮಲವಿಸರ್ಜನೆಯಾಯಿತು ಎಂದು 2012ರಲ್ಲಿ ವರದಿಯಾಯಿತು. ಬೆನ್ನಿನ ರೋಗಿಗಳ ಮೇಲಿನ ಪ್ರಯೋಗ ಇದಲ್ಲ. ಆದರೂ ವೈದ್ಯರ ಅಡ್ಡಿಯಿಲ್ಲದಿದ್ದರೆ ಬೆಳಗಿನ ಒಂದು ಲೋಟ ಕಾಫಿಗೆ ಹೆದರಬೇಕಾಗಿಲ್ಲ. ಸಂಜೆಯ ಮೇಲೆ ಕುಡಿದು ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ತಡಮಾಡಬಾರದ ಚಿಹ್ನೆಗಳು

ಕರುಳು, ನಾರು, ಮಜ್ಜಿಗೆ ಎಂದು ಕುಳಿತು ನಿಜವಾದ ಅಪಾಯವನ್ನು ಕಡೆಗಣಿಸಬಾರದು. ಕೆಳಗಿನ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು: ಮೂತ್ರ ಕಟ್ಟುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ತೊಡೆಯ ಸಂದು ಮತ್ತು ಕುಳಿತುಕೊಳ್ಳುವ ಭಾಗ ಜೋಮು ಹಿಡಿಯುವುದು, ಕಾಲು ಅಥವಾ ಪಾದದ ಶಕ್ತಿ ಕುಂದುವುದು, ಜ್ವರ ಚಳಿ ಬರುವುದು, ಹೊಲಿಗೆಯ ಜಾಗ ಕೆಂಪಾಗಿ ಕೀವು ಅಥವಾ ನೀರು ಒಸರುವುದು, ರಾತ್ರಿಯೂ ಬಿಡದೆ ದಿನದಿಂದ ದಿನಕ್ಕೆ ಏರುವ ನೋವು. ರಾತ್ರಿ ಹೊತ್ತು, ಮಳೆ, ಬಸ್ಸಿಲ್ಲ ಎಂದು ಬೆಳಗಿನವರೆಗೆ ಕಾಯಬಾರದು.

ಎರಡನೆಯ ಆಪರೇಷನ್ನಿನ ಬಗ್ಗೆ

ಮತ್ತೆ ಜಾರಿದ ಡಿಸ್ಕ್, ಒತ್ತಿದ ನರ, ಸೋಂಕು, ಇಂಥ ಸ್ಪಷ್ಟ ಕಾರಣ ಸಿಕ್ಕಿದರೆ ಎರಡನೆಯ ಆಪರೇಷನ್ನಿನಿಂದ ಉಪಯೋಗವಿದೆ. ಕಾರಣ ಕಾಣದೆ ಬರೀ ನೋವಿದೆ ಎಂದು ಮತ್ತೆ ಕೊಯ್ಯಿಸಿಕೊಂಡರೆ ಫಲ ಸಿಗುವ ಸಂಭವ ಮೊದಲಿಗಿಂತ ಕಡಿಮೆ. ಮೂರನೆಯದರಲ್ಲಿ ಇನ್ನೂ ಕಡಿಮೆ. ಆದ್ದರಿಂದ ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ: "ನೋವಿಗೆ ಕಾರಣ ಎಲ್ಲಿ ಕಂಡಿದೆ? ಆಪರೇಷನ್ ಮಾಡದಿದ್ದರೆ ಏನಾಗುತ್ತದೆ?" ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಮೊದಲನೆಯವರಿಗೆ ಅವಮಾನವಲ್ಲ. ಹಳೆಯ ಚೀಟಿಗಳು, ಸ್ಕ್ಯಾನಿಂಗ್ ಚಿತ್ರಗಳು, ಆಪರೇಷನ್ನಿನ ವಿವರವಿರುವ ಬಿಡುಗಡೆ ಪತ್ರ ಎಲ್ಲವನ್ನೂ ಒಂದು ಚೀಲದಲ್ಲಿ ಜೋಪಾನವಾಗಿಡಿ. ಮಲ ಪರೀಕ್ಷಿಸಿ ಬೆನ್ನುನೋವಿಗೆ ಔಷಧಿ ಹೇಳುತ್ತೇವೆ ಎನ್ನುವವರಿಗೆ ಹಣ ಕೊಡುವ ಮುನ್ನವೂ ಕೇಳಿ: ಇದು ಬೆನ್ನಿನ ರೋಗಿಗಳಲ್ಲಿ ಸಾಬೀತಾಗಿದೆಯೇ, ಇಲಿಗಳಲ್ಲಿ ಮಾತ್ರವೇ?

ನಮ್ಮ ನೆರೆಯವರು ಆ ಸಂಜೆ ಡಬ್ಬಿಯನ್ನು ಮುಚ್ಚಳ ತೆರೆಯದೆ ವಾಪಸು ತೆಗೆದುಕೊಂಡು ಹೋದರು. ಬೇರೊಬ್ಬ ತಜ್ಞರು ಹೊಸ ಸ್ಕ್ಯಾನಿಂಗ್ ನೋಡಿ ಮತ್ತೆ ಕೊಯ್ಯುವ ಕಾರಣ ಕಾಣುವುದಿಲ್ಲ ಎಂದರು. ವ್ಯಾಯಾಮ ಕಲಿಸಿದರು, ಮಾತ್ರೆಗಳನ್ನು ಕ್ರಮವಾಗಿ ಇಳಿಸಿದರು. ಮನೆಯವರು ಊಟ ಬದಲಿಸಿದರು. ಈಗ ನೋವು ಪೂರ್ತಿ ಹೋಗಿದೆ ಎಂದು ಅವರು ಹೇಳುವುದಿಲ್ಲ. ಆದರೆ ಬೆಳಿಗ್ಗೆ ತೋಟದ ಕೆಳಗಿನ ಕೆರೆಯವರೆಗೆ ನಡೆದು ಹೋಗಿ ಬರುತ್ತಾರೆ, ರಾತ್ರಿ ನಿದ್ದೆ ಮಾಡುತ್ತಾರೆ. ಇದರಲ್ಲಿ ಸೂಕ್ಷ್ಮಜೀವಿಗಳ ಪಾಲೆಷ್ಟು, ನಡಿಗೆಯ ಪಾಲೆಷ್ಟು, ಧೈರ್ಯದ ಪಾಲೆಷ್ಟು ಎಂದು ತೂಗಿ ಹೇಳುವ ತಕ್ಕಡಿ ಇನ್ನೂ ಬಂದಿಲ್ಲ.

ಮಣ್ಣು ಕೆಟ್ಟ ತೋಟಕ್ಕೆ ಒಂದೇ ವರ್ಷದಲ್ಲಿ ಒಂದೇ ಗೊಬ್ಬರದಿಂದ ಕಳೆ ಬರುವುದಿಲ್ಲ. ಸೊಪ್ಪು ಹಾಕಿ, ನೀರು ಬಸಿಯುವಂತೆ ಮಾಡಿ, ವಿಷ ಕಡಿಮೆ ಮಾಡಿ ಕಾಯಬೇಕು. ಆಪರೇಷನ್ ಆದ ದೇಹವನ್ನೂ ಹಾಗೆಯೇ ನೋಡಿಕೊಂಡರೆ ನಷ್ಟವಂತೂ ಇಲ್ಲ. ಕಾಳುಮೆಣಸಿನ ದುಡ್ಡೂ ಮನೆಯಲ್ಲೇ ಉಳಿಯುತ್ತದೆ.